ಆಲಿಸುವ ಕೋಣೆಗೆ ಬುಕ್‌ಶೆಲ್ಫ್ ಸ್ಪೀಕರ್: ಕೊಳ್ಳುವವರಿಗೂ ಮಾರುವವರಿಗೂ ಒಂದು ಅಭ್ಯಾಸ

ಮನೆಯಲ್ಲಿ ಸಂಗೀತ ಕೇಳುವುದಕ್ಕೆಂದೇ ಒಂದು ಕೋಣೆಯನ್ನು ಮೀಸಲಿಟ್ಟು, ಅದಕ್ಕೆ ಉತ್ತಮ ದರ್ಜೆಯ ಒಂದು ಜೋಡಿ ಸ್ಪೀಕರ್ ಕೊಳ್ಳಬೇಕೆಂದು ಹೊರಟ ವರ್ತಕನಿಗೆ ಅಂಗಡಿಯಲ್ಲಿ ಮೊದಲು ತೋರಿಸಲ್ಪಡುವುದು ವಾಟ್‌ಗಳ ಸಂಖ್ಯೆ. ಎರಡನೆಯದು, ಗೋಡೆ ಅದುರುವಂಥ ತಗ್ಗಿನ ನಾದ. ದವಸದ ಚೀಲಕ್ಕೆ ಬಂಬು ಚುಚ್ಚಿ ಮಾದರಿ ತೆಗೆದು, ಅಂಗೈಯಲ್ಲಿ ಹರಡಿ ನೋಡಿಯೇ ಬೆಲೆ ಹೇಳುವ ವ್ಯಾಪಾರಿಯೂ ಸ್ಪೀಕರಿನ ಮುಂದೆ ನಿಂತಾಗ ಪೆಟ್ಟಿಗೆಯ ಮೇಲಿನ ಅಚ್ಚನ್ನು ನಂಬಿ ಹಣ ಎಣಿಸುತ್ತಾನೆ. ಒಂದು ಲಕ್ಷ ರೂಪಾಯಿಯ ಈ ಖರೀದಿ ತಪ್ಪಿದರೆ ಅದನ್ನು ಮರುಮಾರಾಟ ಮಾಡಲು ಹಾವೇರಿ ಜಿಲ್ಲೆಯ ಸಣ್ಣ ಪಟ್ಟಣಗಳಲ್ಲಿ ಗಿರಾಕಿ ಸಿಗುವುದು ಸುಲಭವಲ್ಲ. ಆದುದರಿಂದ ಈ ಸರಕಿನ ಮಾದರಿ ನೋಡುವ ಕ್ರಮವನ್ನು ಅರಿತಿರುವುದು ಕೊಳ್ಳುವವರಿಗೂ, ಎಲೆಕ್ಟ್ರಾನಿಕ್ ಅಂಗಡಿಯವರಿಗೂ, ಪೆಟ್ಟಿಗೆ ತಯಾರಿಸಬಲ್ಲ ಮರಗೆಲಸದ ಘಟಕಗಳಿಗೂ ಅವಶ್ಯವಾಗಿದೆ.

ಕೇಳಬೇಕಾದದ್ದು ಏನು?

ಸ್ಪೀಕರ್ ಆರಿಸುವ ಮೊದಲು ಅದರಲ್ಲಿ ಏನನ್ನು ಕೇಳಲಾಗುವುದು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮಟ್ಟಿಗೆ ಇದಕ್ಕೆ ಉತ್ತರ ಬಹುಪಾಲು ಸ್ಪಷ್ಟವಾಗಿದೆ: ಮನುಷ್ಯನ ಕಂಠ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಜನಿಸಿದ್ದು ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರಿಗೆ ಆಶ್ರಯವಿತ್ತವರು ಹಾನಗಲ್ಲಿನ ಕುಮಾರ ಸ್ವಾಮಿಗಳು. ತಮ್ಮ ಹೆಸರಿನಲ್ಲಿಯೇ ಈ ಊರನ್ನು ಹೊತ್ತು ದೇಶವೆಲ್ಲ ತಿರುಗಿದ ಗಂಗೂಬಾಯಿ ಹಾನಗಲ್ (1913–2009) ಅವರ ಮೊದಲ ಮುದ್ರಿಕೆಗಳು 1930ರ ದಶಕದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯಿಂದ, ಗಾಂಧಾರಿ ಎಂಬ ಹೆಸರಿನಲ್ಲಿ ಹೊರಬಂದವು. ಶಿಗ್ಗಾವಿ ತಾಲೂಕಿನ ಶಿಶುವಿನಹಾಳದ ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಅವರ ಕಂಠದಲ್ಲಿ ಕ್ಯಾಸೆಟ್ಟುಗಳು ಮನೆಮನೆಗೆ ಮುಟ್ಟಿಸಿದವು. 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಮೂಲಕ ಈ ಭಾಗದ ಎರಡು ಮೂರು ತಲೆಮಾರುಗಳ ಕಿವಿ ತಯಾರಾಗಿದೆ.

ಈ ಸಂಗ್ರಹದಲ್ಲಿ ಬಹುಭಾಗ ಹಳೆಯ ಮುದ್ರಣ. 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟು ಹಾಡು ಹಿಡಿಯುತ್ತಿತ್ತು. ಮೇಲುಸ್ತರದ ಸೂಕ್ಷ್ಮ ನಾದ ಅದರಲ್ಲಿ ದಾಖಲಾಗುತ್ತಲೇ ಇರಲಿಲ್ಲ, ಇದ್ದದ್ದು ಮುಳ್ಳಿನ ಸರಸರ ಸದ್ದು. ಇಂಥ ಮುದ್ರಿಕೆಯನ್ನು, ಅಂಗಡಿಯಲ್ಲಿ ಥಳಥಳಿಸಲೆಂದು ಮೇಲುನಾದವನ್ನು ಎತ್ತಿ ತಯಾರಿಸಿದ ಸ್ಪೀಕರಿನಲ್ಲಿ ಕೇಳಿದರೆ ಹಾಡಿಗಿಂತ ಸರಸರವೇ ಮುಂದೆ ಬರುತ್ತದೆ. ಹಾಗೆಯೇ ತಗ್ಗಿನ ನಾದವನ್ನು ಉಬ್ಬಿಸಿದ ಸ್ಪೀಕರಿನಲ್ಲಿ ಗಂಗೂಬಾಯಿಯವರ ಗಡಸು, ತುಂಬು ಕಂಠ ಕೊಡದೊಳಗಿನ ಧ್ವನಿಯಾಗುತ್ತದೆ. ಗಂಟಲಿನ ಚಿಕಿತ್ಸೆಯ ನಂತರ ಅವರ ಧ್ವನಿ ಗಂಡುದನಿಯ ಹತ್ತಿರಕ್ಕೆ ಇಳಿದದ್ದು ಸರ್ವವಿದಿತ. ಆ ಧ್ವನಿ ಹೆಣ್ಣುಮಗಳದ್ದೇ ಎಂದು ತೋರಿಸಬಲ್ಲ ಸ್ಪೀಕರೇ ಒಳ್ಳೆಯ ಸ್ಪೀಕರು. ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಯಾವ ಪ್ರಯೋಗಾಲಯವೂ ಈ ಭಾಗದ ಕೇಳುಗನಿಗೆ ಒದಗಿಸಲಾರದು.

ತಗ್ಗಿನ ನಾದ ಎಷ್ಟು ಬೇಕು ಎಂಬುದಕ್ಕೂ ಲೆಕ್ಕವುಂಟು. ಗಾಯಕ ಕಪ್ಪು ಒಂದರಲ್ಲಿ ಹಾಡಿದರೆ ಅವನ ಷಡ್ಜ ಸುಮಾರು 139 ಹರ್ಟ್ಸ್. ತಂಬೂರಿಯ ಖರ್ಜ ತಂತಿ ಅದರ ಅರ್ಧ, ಅಂದರೆ ಸುಮಾರು 69 ಹರ್ಟ್ಸ್. ಈ ಮಟ್ಟದವರೆಗೆ ಸ್ವಚ್ಛವಾಗಿ ಇಳಿಯುವ ಬುಕ್‌ಶೆಲ್ಫ್ ಸ್ಪೀಕರಿನಲ್ಲಿ ಕಂಠ, ಸಾರಂಗಿ, ಹಾರ್ಮೋನಿಯಂ, ತಂಬೂರಿ ಇವೆಲ್ಲ ಪೂರ್ಣವಾಗಿ ಅಡಕವಾಗುತ್ತವೆ. 30 ಹರ್ಟ್ಸ್‌ವರೆಗೆ ಇಳಿಯುವ ಆಳೆತ್ತರದ ಸ್ಪೀಕರಿಗೆ ಹೆಚ್ಚು ಹಣ ತೆರುವುದು ಚಲನಚಿತ್ರದ ಸ್ಫೋಟಗಳಿಗೆ ಉಪಯೋಗವಾದೀತು. ಖ್ಯಾಲಿಗೆ ಅದರಿಂದ ಆಗುವ ಲಾಭ ಅಲ್ಪ.

ಕಂಠಕ್ಕಾಗಿ ಹುಟ್ಟಿದ ಒಂದು ಪೆಟ್ಟಿಗೆ

ಬುಕ್‌ಶೆಲ್ಫ್ ಸ್ಪೀಕರಿನ ಇತಿಹಾಸದಲ್ಲಿ ಎರಡು ಘಟ್ಟಗಳನ್ನು ಸಣ್ಣ ತಯಾರಕರು ಗಮನಿಸಬೇಕು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್, ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಅಲ್ಲಿಯವರೆಗೆ ಕಪಾಟಿನ ಗಾತ್ರದ ಪೆಟ್ಟಿಗೆ ಬೇಕಾಗಿದ್ದ ತಗ್ಗಿನ ನಾದವನ್ನು ಪುಸ್ತಕದ ಕಪಾಟಿನಲ್ಲಿ ಕೂಡುವ ಪೆಟ್ಟಿಗೆಯಿಂದ ಪಡೆದರು. ಎರಡನೆಯದು ಬ್ರಿಟಿಷ್ ಪ್ರಸಾರ ಸಂಸ್ಥೆ ಬಿಬಿಸಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಎಲ್ಎಸ್3/5ಎ. ಹೊರಾಂಗಣ ಪ್ರಸಾರದ ವ್ಯಾನಿನ ಇಕ್ಕಟ್ಟಿನಲ್ಲಿ ಕುಳಿತ ಇಂಜಿನಿಯರನಿಗೆ ಮಾತುಗಾರನ ಧ್ವನಿ ಸರಿಯಾಗಿ ಕೇಳಿಸಬೇಕು ಎಂಬುದೇ ಅದರ ಉದ್ದೇಶವಾಗಿತ್ತು. ಎತ್ತರ ಸುಮಾರು 30 ಸೆಂಟಿಮೀಟರ್, ಅಗಲ 19, ಆಳ 16. ಒಳಗೆ ಐದು ಲೀಟರಿನಷ್ಟು ಗಾಳಿ. ಸಂಸ್ಥೆ ಇದನ್ನು ತಾನೇ ಮಾರಲಿಲ್ಲ. ರೋಜರ್ಸ್, ಸ್ಪೆಂಡರ್, ಹಾರ್ಬೆತ್, ಕೆಇಎಫ್ ಮೊದಲಾದ ಕಂಪನಿಗಳಿಗೆ ಪರವಾನಗಿ ಕೊಟ್ಟಿತು. ವಿನ್ಯಾಸ ಒಂದೇ, ತಯಾರಕರು ಹಲವರು.

ಈ ವಿನ್ಯಾಸದ ಬಗ್ಗೆ 1976ರಲ್ಲಿ ಬಿಬಿಸಿ ಹೊರತಂದ ಸಂಶೋಧನಾ ವರದಿಯಲ್ಲಿ ಮರಗೆಲಸದವರು ನೆನಪಿಡಬೇಕಾದ ಒಂದು ಸಂಗತಿಯಿದೆ. ಪೆಟ್ಟಿಗೆಯ ಮೂಲೆಗಳಲ್ಲಿ ಹಾಕುವ ಪಟ್ಟಿಗೆ ಗಟ್ಟಿ ಬೀಚ್ ಮರವನ್ನು ನಿಗದಿಪಡಿಸಲಾಗಿತ್ತು. ಅದರ ಬದಲು ಮೆದುವಾದ ಪರಾನಾ ಪೈನ್ ಬಳಸಿದ ಪೆಟ್ಟಿಗೆಗಳಲ್ಲಿ ಧ್ವನಿಗೆ ಅನಗತ್ಯ ಬಣ್ಣ ಸೇರಿತು. ಹೊರಗಿನಿಂದ ಕಾಣದ, ಬೆರಳಗಲದ ಪಟ್ಟಿಯೊಂದು ಸರಕಿನ ಗುಣವನ್ನು ಬದಲಿಸಿದ ಪ್ರಸಂಗವಿದು.

ವಾಟ್ ಮತ್ತು ಡೆಸಿಬೆಲ್

ಪಿಎಂಪಿಒ ಎಂಬ ಅಳತೆಯಿಂದ ಸಾವಿರ ವಾಟ್ ಎಂದು ಬರೆದು ಟೇಪ್ ರೆಕಾರ್ಡರ್ ಮಾರಿದ ಕಾಲವನ್ನು ಹಳೆಯ ಅಂಗಡಿಕಾರರು ಮರೆತಿರಲಾರರು. ಆ ಸಂಖ್ಯೆಗೆ ಯಾವ ಮಾನಕದ ಆಧಾರವೂ ಇರಲಿಲ್ಲ. ನೋಡಬೇಕಾದದ್ದು ಆಂಪ್ಲಿಫೈಯರಿನ ಆರ್‌ಎಂಎಸ್ ವಾಟ್ ಮತ್ತು ಸ್ಪೀಕರಿನ ಸಂವೇದನೆ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆ ಎಂಬುದೇ ಸಂವೇದನೆ. ಮೂರು ಡೆಸಿಬೆಲ್ ಹೆಚ್ಚಿಸಲು ವಾಟ್ ಇಮ್ಮಡಿಯಾಗಬೇಕು. ಆದುದರಿಂದ 83 ಡೆಸಿಬೆಲ್ಲಿನ ಸ್ಪೀಕರಿಗೆ 40 ವಾಟ್ ಬೇಕಾದಲ್ಲಿ 89 ಡೆಸಿಬೆಲ್ಲಿನದಕ್ಕೆ 10 ವಾಟ್ ಸಾಕು. ಹತ್ತು ಅಡಿ ದೂರದಲ್ಲಿ ಕುಳಿತು, ಸಣ್ಣ ಕೋಣೆಯಲ್ಲಿ, ಎದುರಿಗೆ ಗಾಯಕ ಹಾಡುತ್ತಿರುವಷ್ಟು ಧ್ವನಿಗೆ ಸಾಮಾನ್ಯವಾಗಿ ಎರಡು ಮೂರು ವಾಟ್ ಕೂಡ ಖರ್ಚಾಗುವುದಿಲ್ಲ. ತಾನಿನ ಏರುಗಳಿಗೆ, ತಬಲೆಯ ಪೆಟ್ಟಿಗೆ ಮಾತ್ರ ಅದರ ಹತ್ತಿಪ್ಪತ್ತು ಪಟ್ಟು ಕ್ಷಣಕಾಲ ಬೇಕಾಗುತ್ತದೆ. ಉತ್ತಮವಾಗಿ ತಯಾರಾದ 40–50 ವಾಟಿನ ಆಂಪ್ಲಿಫೈಯರ್ ಈ ಕೆಲಸಕ್ಕೆ ಧಾರಾಳವಾಯಿತು. 8 ಓಮ್ ಎಂದು ಬರೆದ ಸ್ಪೀಕರ್ ಕೆಲವು ಸ್ತರಗಳಲ್ಲಿ 4 ಓಮ್‌ವರೆಗೂ ಇಳಿಯುವುದುಂಟು. ಆಂಪ್ಲಿಫೈಯರ್ 4 ಓಮ್ ಭಾರವನ್ನೂ ತಡೆಯುವುದೇ ಎಂದು ಕೇಳಿಕೊಳ್ಳಬೇಕು.

ತಂತಿಯ ವಿಷಯದಲ್ಲಿ ಹಣ ಪೋಲಾಗುವುದೇ ಹೆಚ್ಚು. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಐದು ಮೀಟರ್ ಎಳೆದರೆ ಹೋಗಿ ಬರುವ ಒಟ್ಟು ರೋಧ 0.12 ಓಮ್ ಮಾತ್ರ. 8 ಓಮಿನ ಸ್ಪೀಕರಿಗೆ ಇದು ಶೇ. 1.5ರಷ್ಟು. ಮೀಟರಿಗೆ ಸಾವಿರಾರು ರೂಪಾಯಿ ಬೆಲೆಯ ತಂತಿಯನ್ನು ಮಾರುವವರು ಮಾರಲಿ. ಕೊಳ್ಳುವವರು ಆ ಹಣವನ್ನು ಕೋಣೆಗೆ ವಿನಿಯೋಗಿಸುವುದು ಲೇಸು.

ಕೋಣೆಯೇ ಮೂರನೆಯ ಸ್ಪೀಕರು

ಬಹುತೇಕ ತಪ್ಪು ಖರೀದಿಗಳಲ್ಲಿ ದೋಷ ಸ್ಪೀಕರಿನದಾಗಿರುವುದಿಲ್ಲ. ಹುಬ್ಬಳ್ಳಿಯ ಅಥವಾ ಬೆಂಗಳೂರಿನ ಪರದೆ-ಗಾಲೀಚೆಗಳ ಮಳಿಗೆಯಲ್ಲಿ ಇಂಪಾಗಿ ಕೇಳಿದ್ದು ಸವಣೂರಿನ ಹೊಸ ಮನೆಯಲ್ಲಿ ಕರ್ಕಶವಾಗುವುದಕ್ಕೆ ಕಾರಣ ಆರ್‌ಸಿಸಿ ಛಾವಣಿ, ಸಿಮೆಂಟ್ ಗಿಲಾವಿನ ಗೋಡೆ ಮತ್ತು ನುಣುಪಾದ ಟೈಲ್ಸ್ ನೆಲ. ಹಿಂದಿನ ಮಾಳಿಗೆ ಮನೆಗಳಲ್ಲಿ ಮಣ್ಣಿನ ಗೋಡೆ, ಮರದ ತೊಲೆ-ಜಂತಿ-ಹಲಗೆಗಳ ಮುಚ್ಚಿಗೆ, ಮೂಲೆಯಲ್ಲಿ ಒಟ್ಟಿದ ಚೀಲಗಳು ಧ್ವನಿಯನ್ನು ಹೀರಿಕೊಳ್ಳುತ್ತಿದ್ದವು. ಹೊಸ ಮನೆಯಲ್ಲಿ ಅದನ್ನು ಬೇಕೆಂದೇ ಒದಗಿಸಬೇಕಾಗಿದೆ.

ಎಷ್ಟು ಒದಗಿಸಬೇಕೆಂಬುದನ್ನು ಸೇಬೈನ್ ಎಂಬ ಅಮೆರಿಕದ ಭೌತವಿಜ್ಞಾನಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ರೂಪಿಸಿದ ಸೂತ್ರದಿಂದ ಅಂದಾಜು ಮಾಡಬಹುದು: ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಒಟ್ಟು ಹೀರುವಿಕೆಯಿಂದ ಭಾಗಿಸಿದರೆ ಧ್ವನಿ ಅಡಗಲು ಬೇಕಾಗುವ ಸೆಕೆಂಡುಗಳು ದೊರೆಯುತ್ತವೆ. 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಘನಗಾತ್ರ ಸುಮಾರು 47.6 ಘನ ಮೀಟರ್. ಒಳಮೈ ಸುಮಾರು 80 ಚದರ ಮೀಟರ್. ಬರಿಯ ಸಿಮೆಂಟು-ಟೈಲ್ಸಿನ ಮೈ ಬಿದ್ದ ಧ್ವನಿಯಲ್ಲಿ ಶೇ. 4ರಷ್ಟನ್ನು ಹೀರುತ್ತದೆಂದು ಹಿಡಿದರೆ ಒಟ್ಟು ಹೀರುವಿಕೆ 3.2, ಧ್ವನಿ ಅಡಗಲು 2.4 ಸೆಕೆಂಡು ಬೇಕು. ಇಷ್ಟರಲ್ಲಿ ದ್ರುತ ಲಯದ ತಾನಿನ ಹತ್ತಾರು ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಅದೇ ಕೋಣೆಯಲ್ಲಿ ಎಂಟು ಚದರ ಮೀಟರ್ ಜಾಗಕ್ಕೆ ಹತ್ತಿಯ ಗಾದಿ ಹಾಸಿ, ಒಂದು ಗೋಡೆಗೆ ಆರು ಚದರ ಮೀಟರಿನಷ್ಟು ದಪ್ಪ ಪರದೆಯನ್ನು ನೆರಿಗೆಯಾಗಿ ಇಳಿಬಿಟ್ಟು, ಪುಸ್ತಕದ ಕಪಾಟು ಇಟ್ಟು, ಇಬ್ಬರು ಕುಳಿತರೆ ಹೀರುವಿಕೆ 12.6ರ ಹತ್ತಿರಕ್ಕೆ ಏರುತ್ತದೆ, ಧ್ವನಿ 0.6 ಸೆಕೆಂಡಿನಲ್ಲಿ ಅಡಗುತ್ತದೆ. ಮನೆಯಲ್ಲಿ ಸಂಗೀತ ಕೇಳಲು ಇದು ಹಿತವಾದ ಅಳತೆ. ಗಾದಿ, ಲೋಡು, ನವಲಗುಂದದ ಜಮಖಾನೆ, ಅಜ್ಜಿ ಹೊಲಿದ ಕೌದಿ, ಕುರುಬರ ಕಂಬಳಿ ಇವೆಲ್ಲ ಈ ಭಾಗದಲ್ಲಿಯೇ ದೊರೆಯುವ ಸಾಮಗ್ರಿಗಳು. ದಪ್ಪ ಕೌದಿಯನ್ನು ಗೋಡೆಗೆ ತಾಗಿಸದೆ ಎರಡು ಮೂರು ಅಂಗುಲ ಮುಂದೆ ತೂಗುಹಾಕಿದರೆ ಇನ್ನೂ ತಗ್ಗಿನ ಸ್ವರಗಳವರೆಗೆ ಅದರ ಕೆಲಸ ನಡೆಯುತ್ತದೆ.

ಕೋಣೆಯ ಅಳತೆಯೂ ಮುಖ್ಯ. ಎದುರುಬದುರು ಗೋಡೆಗಳ ನಡುವೆ ಕೆಲವು ತಗ್ಗಿನ ಸ್ವರಗಳು ನಿಂತುಬಿಡುತ್ತವೆ. ಧ್ವನಿಯ ವೇಗ ಸೆಕೆಂಡಿಗೆ 343 ಮೀಟರ್; ಅದನ್ನು ಗೋಡೆಗಳ ಅಂತರದ ಇಮ್ಮಡಿಯಿಂದ ಭಾಗಿಸಿದರೆ ಆ ಸ್ವರ ತಿಳಿಯುತ್ತದೆ. 14, 12, 10 ಅಡಿಗಳ ಕೋಣೆಯಲ್ಲಿ ಅವು ಕ್ರಮವಾಗಿ 40, 47, 56 ಹರ್ಟ್ಸ್; ಪರಸ್ಪರ ಹಂಚಿಹೋಗಿವೆ. ಉದ್ದ, ಅಗಲ, ಎತ್ತರ ಮೂರೂ 10 ಅಡಿಯಾದ ಕೋಣೆಯಲ್ಲಿ ಮೂರೂ 56 ಹರ್ಟ್ಸ್‌ನಲ್ಲಿ, ಅದರ ಮೇಲಿನವು 112ರಲ್ಲಿ ಒಟ್ಟುಗೂಡಿ ಗುಂಯ್ ಎನ್ನುತ್ತವೆ. ಎಷ್ಟೇ ಬೆಲೆಯ ಸ್ಪೀಕರೂ ಈ ಗುಂಯ್‌ಕಾರವನ್ನು ನಿಲ್ಲಿಸಲಾರದು. ಮನೆಯ ನಕ್ಷೆ ಕಾಗದದ ಮೇಲಿರುವಾಗ ಒಂದು ಗೋಡೆಯನ್ನು ಎರಡಡಿ ಸರಿಸಲು ಖರ್ಚಿಲ್ಲ.

ಬುಕ್‌ಶೆಲ್ಫ್ ಎಂಬ ಹೆಸರು ದಾರಿ ತಪ್ಪಿಸುವಂಥದು. ಕಪಾಟಿನೊಳಗೆ ಅಥವಾ ಗೋಡೆಯ ಗೂಡಿನೊಳಗೆ ಇಟ್ಟರೆ ಸುತ್ತಲಿನ ಮೈಗಳು ತಗ್ಗಿನ ನಾದವನ್ನು ಉಬ್ಬಿಸಿ ಕಂಠವನ್ನು ಮಂಕು ಮಾಡುತ್ತವೆ. ಹಿಂಬದಿಯ ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದೆ, ಸ್ಟ್ಯಾಂಡಿನ ಮೇಲೆ, ಎರಡು ಸ್ಪೀಕರು ಮತ್ತು ಕೇಳುವವನು ಸಮತ್ರಿಕೋನವಾಗುವಂತೆ ಇಡುವುದು ಕ್ರಮ. ಟ್ವೀಟರು ಕಿವಿಯ ಮಟ್ಟಕ್ಕೆ ಬರಬೇಕು. ಮಾರುಕಟ್ಟೆಯಲ್ಲಿ ಸಿಗುವ 24 ಅಂಗುಲದ ಸ್ಟ್ಯಾಂಡು ಸೋಫಾದ ಮೇಲೆ ಕೂಡುವವರ ಅಳತೆ. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವ ಮನೆಗಳಲ್ಲಿ ಕಿವಿ ಎರಡೂವರೆ ಅಡಿಗಿಂತ ಮೇಲಿರದು; 18–20 ಅಂಗುಲದ ಸ್ಟ್ಯಾಂಡು ಸಾಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಚೌಕ ಪೈಪಿನಿಂದ ಮಾಡಿಸಿ, ಒಳಗೆ ಚೆನ್ನಾಗಿ ಒಣಗಿದ ಮರಳು ತುಂಬಿದರೆ ಸ್ಟ್ಯಾಂಡು ಮೊಳಗುವುದಿಲ್ಲ.

ಹವೆ ಮತ್ತು ವಿದ್ಯುತ್

ಹಾನಗಲ್ ಮತ್ತು ಹಿರೇಕೆರೂರು ಅರೆಮಲೆನಾಡಿನ ಸೆರಗು. ಮಳೆಗಾಲದ ತೇವದಲ್ಲಿ ಸಾಮಾನ್ಯ ಎಂಡಿಎಫ್ ಹಲಗೆಯ ತೆರೆದ ಅಂಚು ಉಬ್ಬುತ್ತದೆ. ವೂಫರಿನ ಸುತ್ತಲಿನ ಸ್ಪಂಜಿನ ಅಂಚು ಹತ್ತು ಹದಿನೈದು ವರ್ಷಗಳಲ್ಲಿ ಪುಡಿಯಾಗುತ್ತದೆ. ರಬ್ಬರಿನ ಅಂಚುಳ್ಳ, ಎಲ್ಲ ಬದಿಗಳಿಗೂ ವೆನಿಯರ್ ಅಥವಾ ಬಣ್ಣದ ಮುಚ್ಚಳವಿರುವ ಸ್ಪೀಕರನ್ನೇ ಆರಿಸಬೇಕು. ವಿದ್ಯುತ್ ಹೋದಾಗ ಬಳಸುವ ಇನ್ವರ್ಟರು ಚೌಕ ಅಲೆಯದಾದರೆ ಸ್ಪೀಕರಿನಲ್ಲಿ ಝೇಂಕಾರ ಕೇಳಿಸುವುದು ಸಾಮಾನ್ಯ. ಸೈನ್ ಅಲೆಯ ಇನ್ವರ್ಟರು ಬೇಕು. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಮೊದಲು ಅದನ್ನೇ ಸರಿಪಡಿಸಬೇಕು. ಆಂಪ್ಲಿಫೈಯರನ್ನು ಒಳಗೇ ಅಡಗಿಸಿಕೊಂಡ ಸ್ಪೀಕರುಗಳು ಅನುಕೂಲವೇನೋ ಹೌದು. ಆದರೆ ಸರ್ವಿಸ್ ಕೇಂದ್ರ ನೂರಾರು ಕಿಲೋಮೀಟರ್ ದೂರವಿರುವ ಊರುಗಳಲ್ಲಿ ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬೇರೆ ಇದ್ದರೆ ಒಂದು ಕೆಟ್ಟಾಗ ಇನ್ನೊಂದು ಉಳಿಯುತ್ತದೆ.

ಮಾದರಿ ನೋಡುವ ಕ್ರಮ

ಎರಡು ಸ್ಪೀಕರುಗಳನ್ನು ಹೋಲಿಸುವಾಗ ಧ್ವನಿಮಟ್ಟ ಸಮವಾಗಿರಬೇಕು. ಒಂದು ಡೆಸಿಬೆಲ್ ಜೋರಾದದ್ದೂ ಕಿವಿಗೆ ಜೋರೆಂದು ತೋರದೆ ಉತ್ತಮವೆಂದು ತೋರುತ್ತದೆ. ಮಾರಾಟಗಾರರಲ್ಲಿ ಕೆಲವರು ಇದನ್ನು ಬಲ್ಲರು. ಹೆಸರೂ ಮೋಸ ಮಾಡುತ್ತದೆ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಪ್ರಕಟಿಸಿದ ಪ್ರಯೋಗದಲ್ಲಿ, ಪರದೆಯ ಹಿಂದಿಟ್ಟ ಸ್ಪೀಕರುಗಳಿಗೆ ಕೇಳುಗರು ಕೊಟ್ಟ ಅಂಕಗಳು ಪರದೆ ಸರಿಸಿದೊಡನೆ ಬದಲಾದವು. ಅನುಭವಸ್ಥ ಕೇಳುಗರೂ ಇದಕ್ಕೆ ಹೊರತಾಗಿರಲಿಲ್ಲ. ಅಂಗಡಿಯಲ್ಲಿ ಒಂದು ಧೋತರವನ್ನು ಅಡ್ಡ ಕಟ್ಟಿಸಿ ಕೇಳಲು ಸಂಕೋಚಪಡಬೇಕಿಲ್ಲ.

ಕೊಳ್ಳುವವನು ತಾನು ನಲವತ್ತು ಸಲ ಕೇಳಿದ ಹಾಡನ್ನೇ ಒಯ್ಯಬೇಕು. ಮಳಿಗೆಯವರು ಇಟ್ಟುಕೊಂಡ ಮಾದರಿ ಸಂಗೀತ ಎಲ್ಲ ಸ್ಪೀಕರಿನಲ್ಲಿಯೂ ಚೆನ್ನಾಗಿಯೇ ಇರುತ್ತದೆ. ಮೊದಲು ಮಾತು ಕೇಳಲಿ: ಹಿರೇಕೆರೂರು ಸೀಮೆಯ ಅಬಲೂರಿನ ಸರ್ವಜ್ಞನ ತ್ರಿಪದಿಯ ವಾಚನವೋ, ಆಕಾಶವಾಣಿಯ ವಾರ್ತೆಯೋ ಆದೀತು. ಸಕಾರ, ಶಕಾರಗಳು ಬೇರೆಬೇರೆಯಾಗಿ ಕೇಳಿಸಬೇಕು. ಎರಡೂ ಸೀಟಿಯಂತೆ ಚುಚ್ಚಿದರೆ ಟ್ವೀಟರು ಕಟುವಾಗಿದೆ, ಎರಡೂ ಮಸುಕಾದರೆ ಮಂದವಾಗಿದೆ. ಲಕಾರ, ಳಕಾರಗಳ ಭೇದವೂ ತಿಳಿಯಬೇಕು. ಆಮೇಲೆ ತಂಬೂರಿ: ನಾಲ್ಕು ತಂತಿಗಳು ಒಂದೊಂದಾಗಿ ಮಿಡಿದು, ಜವಾರಿಯ ಝೇಂಕಾರ ಗಾಯಕನ ಹಿಂದೆ ಬಟ್ಟೆಯಂತೆ ಹರಡಿರಬೇಕು. ಕೊನೆಗೆ ವಿಲಂಬಿತ ಖ್ಯಾಲು. ಗಾಯಕಿ ಮಂದ್ರದಿಂದ ತಾರಕ್ಕೆ ಏರುವಾಗ ಒಬ್ಬಳೇ ಆಗಿ ಉಳಿಯಬೇಕು. ನಡುವೆ ಎಲ್ಲಿಯೋ ಕಂಠ ಹಿಂದಕ್ಕೆ ಸರಿದಂತೆ ಅಥವಾ ಬೇರೆಯವರ ಕಂಠದಂತೆ ಆದರೆ ವೂಫರು ಬಿಟ್ಟು ಟ್ವೀಟರು ಹಿಡಿಯುವ ಕ್ರಾಸ್‌ಓವರಿನಲ್ಲಿ ಬಿರುಕಿದೆ ಎಂದೇ ಅರ್ಥ. ಅರ್ಧ ತಾಸು ಕೇಳಿದ ಬಳಿಕ ಧ್ವನಿ ತಗ್ಗಿಸಬೇಕೆನಿಸಿದರೆ ಆ ಜೋಡಿಯನ್ನು ಬಿಡುವುದು ಒಳಿತು.

ಒಂದು ಲಕ್ಷ ರೂಪಾಯಿ ತೆಗೆದಿರಿಸಿದವನು ಅರ್ಧವನ್ನು ಸ್ಪೀಕರಿಗೆ, ಕಾಲು ಭಾಗವನ್ನು ಆಂಪ್ಲಿಫೈಯರಿಗೆ, ಉಳಿದದ್ದನ್ನು ಹಾಡು ನುಡಿಸುವ ಸಾಧನ, ಸ್ಟ್ಯಾಂಡು ಮತ್ತು ಕೋಣೆಗೆ ಹಂಚಿದರೆ ಹೆಚ್ಚು ತಪ್ಪಾಗದು.

ಅಂಗಡಿಯವರಿಗೆ, ತಯಾರಕರಿಗೆ

ಇಂಥ ಸರಕನ್ನು ತಾಲೂಕು ಮಟ್ಟದ ಅಂಗಡಿ ದಾಸ್ತಾನು ಮಾಡಿದರೆ ದುಡಿಯುವ ಬಂಡವಾಳ ಕಟ್ಟಿಬೀಳುತ್ತದೆ. ವರ್ಷಕ್ಕೆ ನಾಲ್ಕೈದು ಜೋಡಿಗಿಂತ ಹೆಚ್ಚು ಬೇಡಿಕೆಯನ್ನು ಎಣಿಸಿಕೊಳ್ಳುವುದು ಜಾಣತನವಲ್ಲ. ಒಂದೇ ಜೋಡಿಯನ್ನು ಪ್ರದರ್ಶನಕ್ಕಿಟ್ಟು, ಠೇವಣಿ ಪಡೆದು ಎರಡು ದಿನ ಗಿರಾಕಿಯ ಮನೆಗೆ ಕಳಿಸಿ, ಒಪ್ಪಿದ ನಂತರ ಹೊಸದನ್ನು ತರಿಸಿಕೊಡುವ ಪದ್ಧತಿ ಇಬ್ಬರಿಗೂ ಕ್ಷೇಮ. ಮನೆಯಲ್ಲಿ ಕೇಳಿ ಒಪ್ಪಿದ ಸ್ಪೀಕರು ಅಂಗಡಿಗೆ ಮರಳುವುದು ವಿರಳ.

ಪೆಟ್ಟಿಗೆ ತಯಾರಿಕೆಗೆ ಮಾತ್ರ ಇಲ್ಲಿ ಅವಕಾಶ ಹೆಚ್ಚಿದೆ. ವೂಫರು, ಟ್ವೀಟರುಗಳನ್ನು ಕೊಂಡು ತಂದರೂ ಪೆಟ್ಟಿಗೆ ಮತ್ತು ಸ್ಟ್ಯಾಂಡು ಊರಿನ ಕೆಲಸವೇ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ಅನಂತರ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಪ್ರಕಟಿಸಿದ ಲೆಕ್ಕಗಳಿಂದ ಯಾವ ವೂಫರಿಗೆ ಎಷ್ಟು ಲೀಟರಿನ ಪೆಟ್ಟಿಗೆ ಬೇಕೆಂದು ಮೊದಲೇ ತಿಳಿಯಬಹುದು. ವೂಫರಿನ ತಯಾರಕರೇ ಅದಕ್ಕೆ ಬೇಕಾದ ಸಂಖ್ಯೆಗಳನ್ನು ಅಚ್ಚುಮಾಡಿ ಕೊಡುತ್ತಾರೆ. 12 ಅಂಗುಲ ಎತ್ತರ, 8 ಅಗಲ, 10 ಆಳದ ಪೆಟ್ಟಿಗೆಯನ್ನು 18 ಮಿಲಿಮೀಟರ್ ಹಲಗೆಯಿಂದ ಮಾಡಿದರೆ ಒಳಗಾತ್ರ ಸುಮಾರು 9.8 ಲೀಟರ್, 8 ಅಡಿ 4 ಅಡಿಯ ಒಂದು ಹಲಗೆಯಲ್ಲಿ ಗರಗಸದ ಸವಕಳಿ ಕಳೆದು ಮೂರು ಜೋಡಿ ಹೊರಡುತ್ತವೆ. ಗಟ್ಟಿಯಾಗಲೆಂದು ಬಡಿಗ ತಾನಾಗಿಯೇ 25 ಮಿಲಿಮೀಟರ್ ಹಲಗೆ ಬಳಸಿ ಹೊರ ಅಳತೆಯನ್ನು ಹಾಗೆಯೇ ಉಳಿಸಿದರೆ ಒಳಗಾತ್ರ 8 ಲೀಟರಿಗೆ ಇಳಿದು ತಗ್ಗಿನ ನಾದ ಬದಲಾಗುತ್ತದೆ. ನಕ್ಷೆಯಲ್ಲಿ ಒಳ ಅಳತೆಯನ್ನೇ ಬರೆದುಕೊಡಬೇಕು. ತೇವದ ಪ್ರದೇಶಕ್ಕೆ ಐಎಸ್ 303ರ ಬಿಡಬ್ಲ್ಯುಆರ್ ದರ್ಜೆಯ ಅಥವಾ ಐಎಸ್ 710ರ ಪ್ಲೈವುಡ್ ಯೋಗ್ಯ. ಮುಚ್ಚಿದ ಪೆಟ್ಟಿಗೆ ತಯಾರಾದ ಮೇಲೆ ವೂಫರಿನ ಶಂಕುವನ್ನು ಬೆರಳುಗಳಿಂದ ಮೆಲ್ಲನೆ ಒತ್ತಿ ಬಿಡಬೇಕು: ನಿಧಾನವಾಗಿ ಮರಳಿದರೆ ಪೆಟ್ಟಿಗೆ ಗಾಳಿಯನ್ನು ಹಿಡಿದಿದೆ, ಫಕ್ಕನೆ ಮರಳಿದರೆ ಎಲ್ಲಿಯೋ ಸೋರುತ್ತಿದೆ. ಬಿಬಿಸಿ ಪರವಾನಗಿದಾರರಿಂದ ಬಯಸಿದ್ದು ಮೊದಲನೆಯ ಜೋಡಿಯಂತೆಯೇ ನೂರನೆಯದೂ ಇರಬೇಕೆಂಬುದನ್ನು. ಸಣ್ಣ ಘಟಕವೂ ಒಂದು ಮಾದರಿ ಜೋಡಿಯನ್ನು ಮಾರದೆ ಉಳಿಸಿಕೊಂಡು, ಪ್ರತಿ ಹೊಸ ಜೋಡಿಯನ್ನು ಅದರ ಪಕ್ಕದಲ್ಲಿಟ್ಟು ಕೇಳಿಯೇ ಹೊರಗೆ ಕಳಿಸಬೇಕು.

ಬಿಲ್ಲಿನ ವಿಷಯ ಒಂದಿಷ್ಟು. ಸ್ಪೀಕರು ಮತ್ತು ಆಂಪ್ಲಿಫೈಯರುಗಳು ಜಿಎಸ್‌ಟಿಯ 8518ನೇ ಶೀರ್ಷಿಕೆಯಲ್ಲಿ ಬರುತ್ತವೆ. ಮನೆಯ ಕೋಣೆಗೆ ಕೊಂಡದ್ದನ್ನು ಅಂಗಡಿಯ ಹೆಸರಿನಲ್ಲಿ ಬಿಲ್ ಮಾಡಿಸಿದರೂ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)(ಜಿ) ಕಲಮು ಸ್ವಂತ ಬಳಕೆಯ ಸರಕಿಗೆ ಅದನ್ನು ತಡೆದಿದೆ. ಅಂಗಡಿಯವರು ಪ್ರದರ್ಶನಕ್ಕೆಂದು ತರಿಸಿದ ಜೋಡಿಯ ಲೆಕ್ಕ ಬೇರೆ. ಆದರೆ ಅದನ್ನೇ ಮುಂದೆ ಮನೆಗೆ ಒಯ್ಯುವುದಾದರೆ ಪಡೆದ ಜಮೆಯ ಬಗ್ಗೆ ತೆರಿಗೆ ಸಲಹೆಗಾರರನ್ನು ಮೊದಲೇ ಕೇಳಿಕೊಳ್ಳಬೇಕು. ಉತ್ತಮ ದರ್ಜೆಯ ಸ್ಪೀಕರುಗಳು ಜೋಡಿಯಾಗಿ ಹೊಂದಿಸಲ್ಪಟ್ಟಿರುತ್ತವೆ. ಎರಡೂ ಪೆಟ್ಟಿಗೆಗಳ ಕ್ರಮಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿಕೊಂಡು, ಒಂದರ ವೂಫರು ಕೆಟ್ಟರೆ ಅದೇ ಅಳತೆಯ ಬದಲಿ ಭಾಗವನ್ನು ಎಷ್ಟು ವರ್ಷಗಳವರೆಗೆ ಒದಗಿಸಲಾಗುವುದೆಂದು ಮಾರಾಟಗಾರರಿಂದ ಲಿಖಿತವಾಗಿ ಪಡೆದ ನಂತರವೇ ಹಣ ಪಾವತಿ ಮಾಡತಕ್ಕದ್ದು.